ಪೋಳೆಂ ದಾಟಿ ಒಂದು ಗುಟುಕೂ ಇಲ್ದೆ ವಾಪಸ್ ಬರೋದು: ದಕ್ಷಿಣ ಗೋವಾದ ಕಾಣಕೋಣದಲ್ಲಿ ಎರಡು ದಿನದ ಪೂರ್ತಿ ಪ್ಲಾನ್

ಕಾರವಾರದವ್ರಿಗೆ ಗೋವಾ ಅಂದ್ರೆ ಪರವೂರಲ್ಲ. ಕಾಳಿ ಸೇತುವೆ ಹತ್ತಿ ಸದಾಶಿವಗಡ ದಾಟಿ ಮಾಜಾಳಿ ಮುಗೀತು ಅಂದ್ರೆ ಪೋಳೆಂ ಬಂತು, ಗಡಿ ದಾಟಿದ ಕೂಡ್ಲೇ ಬಾರು, ವೈನ್ ಶಾಪು ಸಾಲಾಗಿ ಶುರು. ನಮ್ಮಲ್ಲಿ ಎಷ್ಟೋ ಜನ ಗೋವಾ ನೋಡಿದ್ದೇ ಅಷ್ಟು, ಅಲ್ಲಿಂದ ಮುಂದೆ ಹೋದವ್ರೇ ಅಲ್ಲ. ಅಂಥಾ ಊರಲ್ಲಿ ಕೂತು "ಈ ಸಲ ಗೋವಾಕ್ಕೆ ಹೋಗ್ತಿದ್ದೇವೆ, ಆದ್ರೆ ಯಾರೂ ಕುಡಿಯೋದಿಲ್ಲ" ಅಂದ್ರೆ ಕೇಳಿದವ್ರು ಮೊದಲು ನಗ್ತಾರೆ, ಆಮೇಲೆ "ಹಾಗಾದ್ರೆ ಎಂತಕ್ಕೆ ಹೋಗೋದು ಮಾರಾಯ" ಅಂತಾರೆ.

ನಾವು ಎರಡು ಸಲ ಹೋಗಿದ್ದೇವೆ. ಮೊದಲನೇ ಸಲ ಪೂರ್ತಿ ಕೆಟ್ಟೋಯ್ತು, ಎರಡನೇ ಸಲ ಚೆನ್ನಾಗಾಯ್ತು. ಹೋದವ್ರು ಅದೇ ನಾಲ್ಕು ಜನ: ನಾನು, ಶಿರಸಿಯ ಭಾವ, ಆಫೀಸಿನ ಇಬ್ಬರು. ಭಾವ ಕುಡಿಯೋದು ಬಿಟ್ಟು ಆಗ ಎಂಟು ತಿಂಗಳಾಗಿತ್ತು. ನಾನು ಬಿಟ್ಟವನಲ್ಲ, ಯಾವಾಗಾದ್ರೂ ಒಂದ್ಸಲ ತಗೊಳ್ತಿದ್ದವ, ಬಿಪಿ ಮಾತ್ರೆ ಶುರುವಾದ ಮೇಲೆ ಡಾಕ್ಟ್ರು ಬೇಡ ಅಂದ್ರು. ಉಳಿದಿಬ್ಬರಲ್ಲಿ ಒಬ್ಬ ಹುಟ್ಟಿದಾಗಿಂದ ಮುಟ್ಟದವ, ಇನ್ನೊಬ್ಬ ಕುಡೀತಾನೆ ಆದ್ರೆ ಎರಡು ದಿನ ಬಿಟ್ರೆ ಎಂತ ಆಗೋದಿಲ್ಲ ಅನ್ನೋನು. ಎರಡೂ ಟ್ರಿಪ್ ಮುಗಿದ ಮೇಲೆ ನಂಗೆ ಗೊತ್ತಾದದ್ದು ಒಂದೇ ವಿಷಯ, ಹಗಲು ಹೊತ್ತಲ್ಲಿ ಯಾರಿಗೂ ಕಷ್ಟ ಇಲ್ಲ, ಸಂಜೆ ಆರರಿಂದ ಒಂಬತ್ತರವರೆಗೆ ಎಂತ ಮಾಡೋದು ಅಂತ ಮೊದಲೇ ಗೊತ್ತಿರ್ಬೇಕು, ಅದೊಂದು ಖಾಲಿ ಬಿಟ್ರಿ ಅಂದ್ರೆ ಕಾಲು ತಾನಾಗೇ ಶ್ಯಾಕ್ (ಬೀಚಿನ ಗುಡಿಸಲು ಬಾರು) ಕಡೆ ಹೋಗ್ತದೆ. ಕೆಳಗೆ ಬರ್ದದ್ದೆಲ್ಲ ಆ ಮೂರು ಗಂಟೆ ತುಂಬ್ಸೋ ಲೆಕ್ಕಾನೇ.

1. ಯಾರು ಯಾಕೆ ಬಿಟ್ಟಿದ್ದಾರೆ ಅಂತ ಮೊದಲು ತಿಳ್ಕೊಳ್ಳಿ

ಕುಡಿಯದವ್ರೆಲ್ಲ ಒಂದೇ ಜಾತಿ ಅಲ್ಲ. ಯಾವತ್ತೂ ಮುಟ್ಟದವನಿಗೆ ಬಾರ್ ಪಕ್ಕ ಕೂತ್ರೂ ಎಂತ ಅನ್ಸೋದಿಲ್ಲ, ಅವನ ತಕರಾರು ವಾಸನೆ ಮತ್ತೆ ಗಲಾಟೆದು ಅಷ್ಟೇ. ಮಾತ್ರೆ ತಗೊಳ್ಳೋನಿಗೆ, ಗಾಡಿ ಓಡ್ಸೋನಿಗೆ ಕಾರಣ ಹೇಳ್ಲಿಕ್ಕೆ ಸುಲಭ. ಆದ್ರೆ ಕುಡ್ದು ಕುಡ್ದು ಬಿಟ್ಟವನ ಕಥೆ ಬೇರೆ, ಅವನಿಗೆ ಆ ಗ್ಲಾಸಿಗೆ ಐಸ್ ಬೀಳೋ ಸದ್ದು ಸಾಕು. ನಿಮ್ಮ ಗುಂಪಲ್ಲಿ ಅಂಥವ್ರು ಒಬ್ಬರಿದ್ರೂ ಪ್ಲಾನು ಅವ್ರ ಅಳತೆಗೆ ಹೊಲಿಬೇಕು. ಇಲ್ಲಾಂದ್ರೆ ಅವ್ರನ್ನ ಕರ್ಕೊಂಡು ಹೋಗ್ಬೇಡಿ.

ಇಲ್ಲೇ ಒಂದು ಗಂಭೀರ ಮಾತು ಹೇಳಿ ಮುಗಿಸ್ತೇನೆ. ದಿನಾ ಜಾಸ್ತಿ ಕುಡಿಯೋರು, ಬೆಳಿಗ್ಗೆ ಎದ್ದ ಕೂಡ್ಲೇ ಕೈ ನಡುಗೋರು "ಗೋವಾಕ್ಕೆ ಹೋಗಿ ಎರಡು ದಿನ ಬಿಟ್ಟು ನೋಡ್ತೇನೆ" ಅಂತ ಹೊರಟ್ರೆ ಒಪ್ಕೋಬೇಡಿ. ಒಮ್ಮೆಗೇ ನಿಲ್ಸಿದ್ರೆ ಮೊದಲ ದಿನ ನಡುಕ, ಬೆವರು, ವಾಂತಿ ಬರ್ತದೆ, ಮೊದಲೆರಡು ದಿನದೊಳಗೆ ಫಿಟ್ಸ್ ಬರ್ಬಹುದು, ಎರಡು ಮೂರನೇ ದಿನ ಸನ್ನಿ ಹಿಡಿದ ಹಾಗೆ ಆಗಿ ಯಾರು ಎಂತ ಅಂತ ಗುರುತೇ ಸಿಗದ ಸ್ಥಿತಿಗೂ ಹೋಗ್ತದೆ, ಜೀವಕ್ಕೇ ಅಪಾಯ. ಅದು ಡಾಕ್ಟ್ರ ಕಣ್ಣೆದುರು ಮಾಡೋ ಕೆಲಸ, ಬೀಚಲ್ಲಿ ಮಾಡೋದಲ್ಲ. ವ್ಯಸನ ಬಿಡ್ಸೋ ಸರ್ಕಾರಿ ಸಹಾಯವಾಣಿ 14446, ಮನಸ್ಸು ಸರಿ ಇಲ್ಲ ಅಂದ್ರೆ ಟೆಲಿ ಮಾನಸ್ 14416, ಎರಡೂ ಫ್ರೀ. ಮೊಬೈಲಲ್ಲಿ ಸೇವ್ ಮಾಡಿಟ್ಕೊಳ್ಳಿ, ಟ್ರಿಪ್ಪಿಗೆ ಹೋಗದಿದ್ರೂ.

2. ಗ್ರೂಪಿಗೆ ಮೆಸೇಜು ಹಾಕಿ, ಎಲ್ರಿಗೂ ಗೊತ್ತಿದೆ ಅಂತ ಬಿಡ್ಬೇಡಿ

ಮೊದಲನೇ ಸಲ ನಾವು ಮಾಡಿದ ತಪ್ಪು ಇದೇ. "ಎಲ್ರಿಗೂ ಗೊತ್ತಿದೆ ಅಲ್ದಾ" ಅಂತ ಸುಮ್ನಿದ್ವಿ, ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಎರಡನೇ ಸಲ ನಾನೇ ವಾಟ್ಸಾಪ್ ಗ್ರೂಪಲ್ಲಿ ಹೀಗೆ ಹಾಕಿದೆ, ಬೇಕಿದ್ರೆ ಕಾಪಿ ಮಾಡ್ಕೊಳ್ಳಿ:

"ಶನಿವಾರ ಬೆಳಿಗ್ಗೆ 6.30ಕ್ಕೆ ಹೊರಡೋದು, ಭಾನುವಾರ ಸಂಜೆ 5ರೊಳಗೆ ವಾಪಸ್. ಈ ಸಲ ಎರಡೂ ದಿನ ಯಾರೂ ತಗೊಳ್ಳೋದಿಲ್ಲ, ಬೀರೂ ಇಲ್ಲ, 'ಒಂದೇ' ಕೂಡ ಇಲ್ಲ. ಆಗೋದಿಲ್ಲ ಅನ್ನೋರು ಈಗ್ಲೇ ಹೇಳಿ, ಬೇಜಾರಿಲ್ಲ, ಮುಂದಿನ ಸಲ ಸಿಗುವ. ಗಾಡಿ ಕೀ ನನ್ನ ಹತ್ರ ಇರ್ತದೆ."

ಅದ್ರಲ್ಲಿ "ಬೀರೂ ಇಲ್ಲ" ಅನ್ನೋದು ಬೇಕೇ ಬೇಕು, ಯಾಕಂದ್ರೆ ನಮ್ಮ ಕಡೆ ಬೀರನ್ನ ಕುಡಿಯೋದು ಅಂತ ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. "ಕುಡೀತೀಯಾ" ಅಂತ ಕೇಳಿದ್ರೆ "ಛೆ ಛೆ ಇಲ್ಲ, ಬೀರ್ ಮಾತ್ರ" ಅನ್ನೋ ಊರು ನಮ್ದು. ಮೆಸೇಜು ಹಾಕಿದ ಮೇಲೆ ಐದನೆಯವನೊಬ್ಬ ಮಗಳ ಪರೀಕ್ಷೆ ಇದೆ ಅಂತ ಹಿಂದೆ ಸರಿದ. ಮಗಳು ಎರಡನೇ ಕ್ಲಾಸು. ಇರ್ಲಿ, ಅವನು ಬಾರದೇ ಇದ್ದದ್ದೇ ಒಳ್ಳೇದಾಯ್ತು.

3. ತಾರೀಕು

ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಬೇಡ. ರೂಮಿನ ರೇಟೂ ಜಾಸ್ತಿ, ಇಡೀ ಊರೇ ಪಾರ್ಟಿಲಿ ಇರ್ತದೆ. ನವೆಂಬರ್, ಮತ್ತೆ ಜನವರಿ ಮಧ್ಯದಿಂದ ಫೆಬ್ರವರಿ ಒಳ್ಳೇದು, ಹವಾ ತಂಪು. ಮಾರ್ಚ್, ಏಪ್ರಿಲ್‌ದಲ್ಲಿ ಸೆಖೆ ಇದ್ರೂ ಗೇರುಹಣ್ಣಿನ ಸೀಸನ್ನು, ಅದ್ರ ಬಗ್ಗೆ ಕೆಳಗೆ ಬರ್ದಿದ್ದೇನೆ. ನನ್ನ ಕೇಳಿದ್ರೆ ಮಳೆಗಾಲವೂ ಕೆಟ್ಟದಲ್ಲ: ಬೀಚಿನ ಶ್ಯಾಕ್‌ಗಳನ್ನ ಜೂನಿಗೆ ಮುಂಚೆ ಬಿಚ್ಚಿ ಇಟ್ಟಿರ್ತಾರೆ, ಕಣ್ಣೆದುರು ಆಸೆ ಹುಟ್ಸೋದೇ ಕಡಿಮೆ, ಗಾವ್‌ಡೊಂಗ್ರಿ ಕಡೆ ಬಾಮಣ್‌ಬುಡೊ ಫಾಲ್ಸ್ ತುಂಬಿ ಹರೀತಿರ್ತದೆ. ಸಮುದ್ರಕ್ಕೆ ಮಾತ್ರ ಇಳಿಬೇಡಿ ಆಗ. ಕರಾವಳಿಯವ್ರಿಗೆ ಹೇಳೋದೇ ಬೇಡ, ಶಿರಸಿ ಸಿದ್ದಾಪುರದಿಂದ ಇಳಿದು ಬರೋರಿಗೆ ಹೇಳ್ತಿದ್ದೇನೆ.

4. ರೂಮು

ಇದಕ್ಕೆ ಟೈಮ್ ಕೊಡಿ, ಉಳಿದದ್ದೆಲ್ಲ ಆಮೇಲೆ. ಮೊದಲ ಟ್ರಿಪ್ಪಲ್ಲಿ ಪಾಲೋಲೆಂ ಬೀಚಿಗೇ ತಾಗಿ ಒಂದು ಕಡೆ ರೂಮ್ ಮಾಡಿದ್ವಿ. ಫೋಟೋದಲ್ಲಿ ಸಮುದ್ರ ಕಾಣ್ತಿತ್ತು, ರೇಟೂ ಕಡಿಮೆ. ಹೋಗಿ ನೋಡಿದ್ರೆ ರೂಮು ಮಾಳಿಗೆ ಮೇಲೆ, ಕೆಳಗೆ ಬಾರು, ರೂಮಿಗೆ ಹೋಗೋ ಮರದ ಮೆಟ್ಲು ಬಾರಿನ ಕೌಂಟರ್ ಪಕ್ಕದಿಂದ್ಲೇ ಏರೋದು. ಅಂದ್ರೆ ಹಲ್ಲುಜ್ಜೋ ಪೇಸ್ಟ್ ಮರೆತ್ರೂ ಬಾಟಲಿ ಸಾಲಿನೆದುರು ಹಾದು ಹೋಗ್ಬೇಕು. ಶನಿವಾರ ಮಧ್ಯಾಹ್ನ ಬಿಸಿಲಲ್ಲಿ ಸುತ್ತಿ ಬಂದು ನಾಲ್ಕು ಜನವೂ ಮಲಗಿದ್ವಿ, ಎದ್ದಾಗ ಆರು ಗಂಟೆ, ಹೊಟ್ಟೆ ಖಾಲಿ, ತಲೆ ಭಾರ, ಕೆಳಗೆ ಹಾಡು ಶುರುವಾಗಿತ್ತು. ಭಾವ ಬಾಲ್ಕನಿಯಲ್ಲಿ ನಿಂತು "ಈಗ ಎಂತ ಮಾಡದು ಭಾವ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಎಂಟು ಗಂಟೆಗೆ ಅವ್ರು ಕೆಳಗೆ ಚಾ ಕುಡಿದು ಬರ್ತೇನೆ ಅಂತ ಹೋದವ್ರು ಹನ್ನೊಂದಕ್ಕೆ ಮೇಲೆ ಬಂದ್ರು. ಬೈಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ, ರೂಮ್ ಬುಕ್ ಮಾಡಿದವ ನಾನೇ.

ಹಾಗಾಗಿ ಬುಕ್ ಮಾಡೋ ಮುಂಚೆ ಫೋನ್ ಮಾಡಿ, ಆ್ಯಪಲ್ಲಿ ಫೋಟೋ ನೋಡಿ ದುಡ್ಡು ಹಾಕ್ಬೇಡಿ. ಕೇಳ್ಬೇಕಾದದ್ದು: ಅದೇ ಕಟ್ಟಡದಲ್ಲಿ ಬಾರ್ ಇದ್ಯಾ, ರೂಮಿಗೆ ಹೋಗೋ ದಾರಿ ಅದ್ರ ಒಳಗಿಂದ್ಲಾ. ರೂಮಿನ ಫ್ರಿಜ್‌ನಲ್ಲಿ ಬಾಟಲಿ ಇಟ್ಟಿರ್ತೀರಾ, ಇದ್ರೆ ನಾವು ಬರೋ ಮುಂಚೆ ತೆಗೆದಿಡ್ತೀರಾ. ವೆಲ್ಕಮ್ ಡ್ರಿಂಕ್ ಎಂತ ಕೊಡ್ತೀರಿ. ರಾತ್ರಿ ಊಟ ನಿಮ್ಮಲ್ಲೇ ಸಿಗ್ತದಾ, ಎಷ್ಟು ಗಂಟೆಗೆ. ಗ್ಯಾಸ್ ಒಲೆ, ಪಾತ್ರೆ ಇದ್ಯಾ. ನಾಚ್ಕೊಂಡು ಕೇಳ್ಬೇಡಿ, "ನಮ್ಮಲ್ಲಿ ಯಾರೂ ಕುಡಿಯೋದಿಲ್ಲ, ಅದಕ್ಕೇ ಕೇಳ್ತಿದ್ದೇನೆ" ಅಂದ್ರೆ ಕಾಣಕೋಣದ ಮನೆಯವ್ರು ಖುಷಿಯಲ್ಲೇ ಹೇಳ್ತಾರೆ, ಅವ್ರಿಗೂ ರಾತ್ರಿ ಎರಡು ಗಂಟೆಗೆ ವಾಂತಿ ತೊಳೆಯೋ ಕೆಲ್ಸ ತಪ್ಪಿತು ನೋಡಿ.

ಎರಡನೇ ಸಲ ನಾವು ಬೀಚಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೆಂಗಿನ ತೋಟದ ಮಧ್ಯ ಒಂದು ಮನೇಲಿ ಉಳ್ಕೊಂಡ್ವಿ. ಅಂಗಳದಲ್ಲಿ ತುಳಸಿಕಟ್ಟೆ, ಹಿಂದ್ಗಡೆ ಬಾವಿ, ಮನೆ ಅಜ್ಜಿ ಕೊಂಕಣಿಯಲ್ಲೇ ಮಾತಾಡೋರು, ನಮ್ಮ ಆಫೀಸಿನ ಕಾರವಾರದವ ಅವ್ರ ಜೊತೆ ಅರ್ಧ ಗಂಟೆ ಹರಟೆ ಹೊಡೆದು ರಾತ್ರಿಗೆ ನಮ್ಮ ಇಬ್ಬರು ಸಸ್ಯಾಹಾರಿಗಳಿಗೆ ಬೇರೆ ಪಲ್ಯ ಮಾಡ್ಸಿಯೇ ಬಿಟ್ಟ. ಬೀಚಿಗೆ ನಡೆದು ಹೋಗೋದು ಹದಿನೈದು ಇಪ್ಪತ್ತು ನಿಮಿಷ. ಆ ದೂರಾನೇ ಕೆಲ್ಸಕ್ಕೆ ಬಂದದ್ದು. ಕುಡಿಬೇಕು ಅನ್ನೋ ಆಸೆ ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ ಏರಿ ಇಳೀತದೆ, ಮಧ್ಯ ಇಪ್ಪತ್ತು ನಿಮಿಷ ನಡಿಬೇಕು ಅಂದ್ರೆ ಅರ್ಧ ಆಸೆ ದಾರೀಲೇ ಹೋಗ್ತದೆ. ಪಾಲೋಲೆಂಗಿಂತ ಪಾಟ್ನೆಂ, ಅಗೋಂದಾ ಕಡೆ ಗಲಾಟೆ ಕಡಿಮೆ. ಗಾಲ್ಜಿಬಾಗ, ತಳಪೋಣ ಇನ್ನೂ ಸುಮ್ಮನೆ ಇರೋ ಊರು.

5. ಗಡಿ ದಾಟೋದು

ಕಾರವಾರದಿಂದ ಕಾಣಕೋಣದ ಪೇಟೆ ಚಾವ್ಡಿಗೆ ಸುಮಾರು 35 ಕಿಲೋಮೀಟರ್, ಒಂದು ಗಂಟೆ ಒಳಗೆ ಮುಟ್ಟಬಹುದು. ಶಿರಸಿಯಿಂದ ಬರೋರು ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ಹಿಡ್ಕೊಂಡು ಕಾರವಾರಕ್ಕೇ ಮೂರು ಗಂಟೆ ಮೇಲೆ ಲೆಕ್ಕ ಹಾಕಿ. ಭಾವ ಶುಕ್ರವಾರ ರಾತ್ರಿಯೇ ನಮ್ಮನೆಗೆ ಬಂದು ಮಲಗಿದ್ರು, ಅದು ಒಳ್ಳೇದು. 2024ರ ಆಗಸ್ಟ್ 7ರ ನಸುಕಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿದ್ದ ಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆ ಮೇಲೇ ಹೋಗ್ಬೇಕಾಗಿ ಬಂತು, ಬೆಳಿಗ್ಗೆ ಬೇಗ ಹೊರಟ್ರೆ ಆರಾಮು.

ತಿಂಡಿ ಕಾರವಾರದಲ್ಲೇ ಮುಗಿಸಿ, ಪೆಟ್ರೋಲೂ ಇಲ್ಲೇ ಹಾಕ್ಸಿ. ಪೋಳೆಂನಲ್ಲಿ ರೇಟು ಕಡಿಮೆ ಅಂತ ನಮ್ಮವ್ರೆಲ್ಲ ಅಲ್ಲೇ ಹಾಕ್ಸೋದು ನಂಗೂ ಗೊತ್ತು, ಆದ್ರೆ ಪಂಪಿಗೆ ನಿಲ್ಸಿದ್ರೆ ಯಾರೋ ಒಬ್ಬ ಇಳೀತಾನೆ, ಇಳಿದವ ಪಕ್ಕಕ್ಕೆ ನೋಡ್ತಾನೆ. ಪೋಳೆಂನಲ್ಲಿ ಗಾಡಿ ನಿಲ್ಸೋದೇ ಬೇಡ. ಮುಂದೆ ಗಾಲ್ಜಿಬಾಗ, ತಳಪೋಣ ನದಿ ಮೇಲಿನ ಸೇತುವೆಗಳಿರೋ ಬೈಪಾಸ್ 2019ರಲ್ಲಿ ಆದ ಮೇಲೆ ರಸ್ತೆ ಭಾರೀ ಚೆನ್ನಾಗಿದೆ, ಸೀದಾ ಹೋಗಿ.

ಗಾಡಿ ಬೇಡ ಅಂದ್ರೆ ರೈಲು. ಕಾರವಾರ ಬಿಟ್ರೆ ಅಸ್ನೋಟಿ, ಲೋಲಿಯೆಂ, ಆಮೇಲೆ ಕಾಣಕೋಣ. ರೈಲಲ್ಲಿ ಹೋದ್ರೆ ಪೋಳೆಂ ಬಾರುಗಳ ಮುಖವೇ ಕಾಣೋದಿಲ್ಲ, ಆದ್ರೆ ಅಲ್ಲಿ ಸುತ್ತಾಡ್ಲಿಕ್ಕೆ ಸ್ಕೂಟರ್ ಬಾಡಿಗೆಗೆ ತಗೋಬೇಕು. ಕಪ್ಪು ನಂಬರ್ ಪ್ಲೇಟ್ ಮೇಲೆ ಹಳದಿ ಅಕ್ಷರ ಇರೋ ಗಾಡಿಯೇ ಬಾಡಿಗೆ ಲೈಸೆನ್ಸಿನದು, ಬಿಳಿ ಪ್ಲೇಟಿನದು ಅಗ್ಗಕ್ಕೆ ಕೊಟ್ರೂ ತಗೋಬೇಡಿ.

6. ಶನಿವಾರ ಹಗಲು

ಇದು ಸುಲಭದ ಭಾಗ. ಕೋಟಿಗಾಂವ್ ಅಭಯಾರಣ್ಯಕ್ಕೆ ಬೆಳಿಗ್ಗೆಯೇ ಹೋಗಿ, ಚಾವ್ಡಿಯಿಂದ ಹತ್ತು ಕಿಲೋಮೀಟರ್ ಆಸುಪಾಸು, ಕಾಡು 86 ಚದರ ಕಿಲೋಮೀಟರ್, ಒಳಗೆ ಮರದ ತುದಿಗೆ ಕಟ್ಟಿದ ವೀಕ್ಷಣಾ ಗೋಪುರ ಇದೆ. ಶಿರಸಿಯವ್ರಿಗೆ ಕಾಡು ತೋರ್ಸ್ಲಿಕ್ಕೆ ಗೋವಾಕ್ಕೆ ಕರ್ಕೊಂಡು ಹೋಗೋದಾ ಅಂತ ಭಾವ ನಕ್ರು, ಹೋದ ಮೇಲೆ ಗೋಪುರದಿಂದ ಇಳೀಲಿಕ್ಕೆ ಒಪ್ಪಿದ್ದೇ ಅವ್ರಲ್ಲ. ವಾಪಸ್ ಬರ್ತಾ ಶ್ರೀಸ್ಥಳದ ಮಲ್ಲಿಕಾರ್ಜುನ ದೇವಸ್ಥಾನ, ಇಲ್ಲಾಂದ್ರೆ ಪರ್ತಗಾಳಿ ಮಠ. ಗಾಲ್ಜಿಬಾಗ ಬೀಚಲ್ಲಿ ಕಡಲಾಮೆ ಮೊಟ್ಟೆ ಇಡೋ ಜಾಗ ಇದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಬೇಲಿ ಹಾಕಿ ಕಾಯ್ತಾರೆ, ದೂರದಿಂದ ನೋಡಿ, ಟಾರ್ಚ್ ಬಿಡ್ಬೇಡಿ.

ಮಧ್ಯಾಹ್ನ ಊಟ ಒಂದು ಗಂಟೆಗೇ ಮಾಡಿ, ಹೊಟ್ಟೆ ತುಂಬ. ಮಲಗಿದ್ರೆ ಮುಕ್ಕಾಲು ಗಂಟೆ, ಅಲಾರಂ ಇಟ್ಟು. ನಮ್ಮ ಮೊದಲ ಟ್ರಿಪ್ ಕೆಡ್ಲಿಕ್ಕೆ ಬಾರಿಗಿಂತ ಆ ನಿದ್ದೆಯೇ ಕಾರಣ ಅಂತ ನಂಗೆ ಈಗ್ಲೂ ಅನ್ಸ್ತದೆ. ನಾಲ್ಕೂವರೆಗೆ ಚಾ, ಜೊತೆಗೆ ಎಂತಾದ್ರೂ ತಿನ್ನಿ, ಬನ್ಸ್ ಆಗ್ಲಿ ಮಿರ್ಚಿ ಆಗ್ಲಿ. ಹಸಿದ ಹೊಟ್ಟೇಲಿ ಸಂಜೆಗೆ ಕಾಲಿಡ್ಬೇಡಿ.

7. ಆರರಿಂದ ಒಂಬತ್ತು

ನಾವು ಮಾಡಿದ್ದನ್ನ ಗಂಟೆ ಸಮೇತ ಹೇಳ್ತೇನೆ. ಐದು ಗಂಟೆಗೆ ಪಾಲೋಲೆಂನಲ್ಲಿ ಕಯಾಕ್ ಬಾಡಿಗೆಗೆ ತಗೊಂಡು ಇಬ್ಬಿಬ್ಬರು ಹತ್ತಿದ್ವಿ. ಭಾವ ಅಡಿಕೆ ಮರ ಹತ್ತಿದ ಕೈ, ಹುಟ್ಟು ಹಾಕಿ ಹಾಕಿ ನಮ್ಮನ್ನೆಲ್ಲ ಹಿಂದೆ ಹಾಕಿದ್ರು. ಐದೂ ಮುಕ್ಕಾಲಿಗೆ ದಡಕ್ಕೆ ಬಂದು ಅಲ್ಲಿ ಒಂದು ನಿಮಿಷ ನಿಲ್ಲದೆ ಗಾಡಿ ಹತ್ತಿ ಅಗೋಂದಾಕ್ಕೆ ಹೋಗಿ ಮರಳ ಮೇಲೆ ಕೂತು ಸೂರ್ಯ ಮುಳುಗೋದು ನೋಡಿದ್ವಿ, ಡಿಸೆಂಬರ್ ಆಸುಪಾಸಲ್ಲಿ ಆರು ದಾಟಿ ಸ್ವಲ್ಪ ಹೊತ್ತಿಗೆ ಮುಳುಗ್ತದೆ. ಇನ್ನೂ ಸ್ವಲ್ಪ ದೂರ ಹೋಗ್ತೇವೆ ಅನ್ನೋರಿಗೆ ಕಾಬೊ ದಿ ರಾಮಾ ಕೋಟೆ ಇದೆ, ಆದ್ರೆ ಗೇಟು ಮುಚ್ಚೋ ಟೈಮ್ ಕೇಳ್ಕೊಂಡು ಹೋಗಿ.

ಕತ್ತಲಾದ ಮೇಲೆ ಹದಿನೈದು ನಿಮಿಷ ಇದೆ ನೋಡಿ, ಅದೇ ಡೇಂಜರ್. ಸೂರ್ಯ ಮುಳುಗಿದ, ಶ್ಯಾಕ್‌ಗಳಲ್ಲಿ ದೀಪ ಹತ್ತಿತು, ಯಾರಾದ್ರೂ ಒಬ್ಬ "ಸುಮ್ನೆ ಕೂತು ಬರುವ" ಅಂತಾನೆ. ನಾವು ಆ ಹೊತ್ತಿಗೇ ಎದ್ದು ಚಾವ್ಡಿ ಪೇಟೆಗೆ ಹೋದ್ವಿ, ಬೀಚಲ್ಲಿ ಅಲ್ಲ, ಪೇಟೇಲಿ, ಸಂಸಾರಸ್ಥರು ಊಟ ಮಾಡೋ ಹೋಟ್ಲು. ಏಳೂವರೆಗೇ ಊಟ. ಬೇಗ ಆಯ್ತು ಅನ್ಸ್ತದೆ, ಇರ್ಲಿ, ಹೊಟ್ಟೆ ತುಂಬಿದವನಿಗೆ ಅರ್ಧ ಆಸೆ ಅಲ್ಲೇ ಸತ್ತಿರ್ತದೆ. ಎಂಟೂವರೆಗೆ ಮನೆ, ಅಂಗಳದಲ್ಲಿ ಚಾಪೆ ಹಾಸಿ ಇಸ್ಪೀಟು. ಸೋತವ ಮರುದಿನ ಬೆಳಿಗ್ಗೆ ಎಲ್ರಿಗೂ ಚಾ ಮಾಡ್ಬೇಕು ಅಂತ ಪಂಥ. ಮಧ್ಯ ಭಾವ ತಾಳಮದ್ದಳೆ ಶುರು ಮಾಡಿದ್ರು, ಕೌರವನ ಪಾತ್ರ ಅವ್ರದೇ, ಕೃಷ್ಣನೂ ಅವ್ರೇ. ಮನೆ ಅಜ್ಜಿಗೆ ಒಂದಕ್ಷರ ಕನ್ನಡ ಬರೋದಿಲ್ಲ, ಆದ್ರೂ ಬಾಗ್ಲಲ್ಲಿ ಕೂತು ಕೇಳಿದ್ರು. ಹತ್ತೂವರೆಗೆ ಎಲ್ರೂ ಗೊರಕೆ.

ನಿಮ್ಮ ಗುಂಪಿಗೆ ಇಸ್ಪೀಟು ಆಗದಿದ್ರೆ ಕೇರಂ ತಗೊಂಡು ಹೋಗಿ, ಇಲ್ಲಾ ಮಡಗಾಂವ್ ರವೀಂದ್ರ ಭವನದಲ್ಲಿ ತಿಯಾತ್ರ್ (ಕೊಂಕಣಿ ನಾಟಕ) ಇದ್ಯಾ ನೋಡಿ, ಕೊಂಕಣಿ ಬರೋರಿಗೆ ಮಜಾ ಬರ್ತದೆ. ಎಂತಾದ್ರೂ ಸರಿ, ಶನಿವಾರ ಬೆಳಿಗ್ಗೆ ಗಾಡಿ ಹತ್ತೋ ಮುಂಚೆ ಅದು ತೀರ್ಮಾನ ಆಗಿರ್ಲಿ.

8. ಗ್ಲಾಸಲ್ಲಿ ಎಂತ ಇರ್ಬೇಕು

ಕೈಯಲ್ಲಿ ಗ್ಲಾಸ್ ಇಲ್ದೆ ಕೂತ್ರೆ ಎಲ್ರೂ ಕೇಳೋದು "ನಿಂಗೆ ಎಂತ ಬೇಕು" ಅಂತ. ಹಾಗಾಗಿ ಕೂತ ಕೂಡ್ಲೇ ನೀವೇ ಮೊದಲು ಆರ್ಡರ್ ಮಾಡಿ. ಸೋಲ್ ಕಢಿ ಅಂತೂ ಇದ್ದೇ ಇರ್ತದೆ, ಮುರುಗಲು (ಕೋಕಂ) ಮತ್ತೆ ಕಾಯಿಹಾಲಿಂದು, ಊಟದ ಜೊತೆ ಎರಡು ಗ್ಲಾಸ್ ಹೊಡೀಬಹುದು. ಎಳನೀರು, ಫ್ರೆಶ್ ಲೈಮ್ ಸೋಡಾ ಎಲ್ಲಾ ಕಡೆ ಸಿಗ್ತದೆ. ನಾವು ಮನೆಯಿಂದ್ಲೇ ಒಂದು ಬಾಟಲಿ ಮುರುಗಲು ಶರಬತ್ತಿನ ರಸ, ಜೀರಿಗೆ ಪುಡಿ, ಉಪ್ಪು ತಗೊಂಡು ಹೋಗಿದ್ವಿ, ಅಲ್ಲಿ ಸೋಡಾ ತಂದು ಬೆರೆಸಿದ್ರೆ ಕೆಂಪಗೆ ನೊರೆನೊರೆಯಾಗಿ ನೋಡ್ಲಿಕ್ಕೇ ವೈನ್ ಹಾಗಿರ್ತದೆ. ಭಾವ ಅಪ್ಪೆಹುಳಿ ಮಾಡ್ತೇನೆ ಅಂತ ಅಪ್ಪೆಮಿಡಿ ಮಾವು ಉಪ್ಪುನೀರಲ್ಲಿ ಹಾಕಿದ್ದನ್ನ ಡಬ್ಬಿ ತುಂಬಿ ತಂದಿದ್ರು. ಮಾಡಿದ್ರೂ. ಅದನ್ನ ಎರಡು ಲೋಟ ಕುಡಿದವ್ರಿಗೆ ಬರೋ ನಿದ್ದೆಗೆ ಯಾವ ಬ್ರಾಂಡೂ ಸಮ ಇಲ್ಲ.

ಎಚ್ಚರ ಬೇಕಾದದ್ದು ಇಲ್ಲಿ. ಬಾರಲ್ಲಿ ಮಾಕ್‌ಟೇಲ್ ಹೇಳಿದ್ರೆ ಗದ್ದಲದಲ್ಲಿ ಕಾಕ್‌ಟೇಲ್ ಅಂತ ಕೇಳಿಸ್ಕೊಂಡು ಅದನ್ನೇ ತಂದಿಡೋ ಚಾನ್ಸ್ ಇದೆ, ಮೊದಲು ಮೂಸಿ ನೋಡಿ. ಆಲ್ಕೋಹಾಲ್ ಇಲ್ಲದ ಬೀರು ಅಂತ ಬರ್ತದಲ್ಲ, ನಮ್ಮ ದೇಶದ ನಿಯಮದಲ್ಲಿ 0.5 ಪರ್ಸೆಂಟಿನವರೆಗೆ ಇರೋದನ್ನ ಮದ್ಯ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ, ಪೂರ್ತಿ ಸೊನ್ನೆ ಬೇಕಿದ್ರೆ ಡಬ್ಬಿ ಮೇಲೆ 0.0 ಅಂತ ಇದ್ಯಾ ಓದಿ. ಹಾಗಿದ್ರೂ ಕುಡ್ದು ಬಿಟ್ಟವ್ರಿಗೆ ಆ ರುಚಿ, ಆ ಡಬ್ಬಿ ಒಡೆಯೋ ಸದ್ದು ಹಳೇದನ್ನೆಲ್ಲ ಎಬ್ಬಿಸ್ತದೆ, ನಮ್ಮ ಗುಂಪಲ್ಲಿ ಅದನ್ನೂ ಬೇಡ ಅಂದ್ವಿ.

ಊಟದಲ್ಲೂ ಇರ್ತದೆ. ಸಾನ್ನಾಂ ಅಂದ್ರೆ ನಮ್ಮ ಇಡ್ಲಿ ತರದ್ದು, ಅದ್ರ ಹಿಟ್ಟು ಹುಳಿ ಬರ್ಲಿಕ್ಕೆ ಹಿಂದಿನ ಕಾಲದಿಂದ ಕಳ್ಳು ಹಾಕೋದು, ಬೇಯುವಾಗ ಹೆಚ್ಚಿನಂಶ ಹೋಗ್ತದೆ, ಆದ್ರೆ ಕಟ್ಟುನಿಟ್ಟಿನವ್ರು ಯೀಸ್ಟಿಂದಾ ಅಂತ ಕೇಳ್ಬಹುದು. ವಿಂದಾಲೂ ಅನ್ನೋ ಮಾಂಸದ ಪದಾರ್ಥಕ್ಕೆ ಹೆಸರು ಬಂದದ್ದೇ ಪೋರ್ಚುಗೀಸರ ವೈನು ಬೆಳ್ಳುಳ್ಳಿ ಅಡುಗೆಯಿಂದ, ಈಗ ವಿನೆಗರ್ ಹಾಕ್ತಾರೆ, ತೊಂದರೆ ಇಲ್ಲ. ಪ್ಲಮ್ ಕೇಕ್, ರಮ್ ಹಾಕಿದ ಚಾಕಲೇಟು ಮಾತ್ರ ಕೇಳಿ ತಗೊಳ್ಳಿ. ಗೋವಾದ ಪದರು ಪದರಿನ ಸಿಹಿ ಬೆಬಿಂಕಾ ಧೈರ್ಯವಾಗಿ ತಿನ್ನಿ.

9. ಭಟ್ಟಿ ನೋಡೋದಾದ್ರೆ

ಮಾರ್ಚಿಂದ ಮೇವರೆಗೆ ಹೋದ್ರೆ ಫೆನಿ ಭಟ್ಟಿ ನೋಡ್ಬೇಕು ಅಂತ ಆಸೆ ಆಗ್ತದೆ, ನಾನೂ ಬೇಡ ಅನ್ನೋದಿಲ್ಲ, ಅದೊಂದು ಕಸುಬು, ಕುಡಿಯದವ್ರಿಗೂ ನೋಡ್ಲಿಕ್ಕೆ ಬೇಕಾದಷ್ಟಿದೆ. ಗೇರುಮರವನ್ನ ಪೋರ್ಚುಗೀಸರು ಬ್ರೆಜಿಲಿಂದ 16ನೇ ಶತಮಾನದಲ್ಲಿ ತಂದದ್ದು, ಈಗ ನಮ್ಮ ಅಂಕೋಲಾ ಗುಡ್ಡದಲ್ಲೂ ಅದೇ. ಉದುರಿದ ಹಣ್ಣು ಹೆಕ್ಕಿ, ಬೀಜ ತಿರುಚಿ ತೆಗೆದು, ಬಂಡೆಲಿ ಕೊರೆದ ತೊಟ್ಟಿ ತರದ ಕೊಳಂಬಿಯಲ್ಲಿ ಹಾಕಿ ಕಾಲಲ್ಲಿ ತುಳಿತಾರೆ. ಆ ರಸ ಹುಳಿ ಬಂದ ಮೇಲೆ ಕಾಯಿಸಿ ಮೊದಲು ಇಳಿಯೋದು ಉರ್ರಾಕ್, ಅದು 15 ಪರ್ಸೆಂಟ್ ಆಸುಪಾಸು, ಮತ್ತೊಮ್ಮೆ ಕಾಯಿಸಿ ಇಳ್ಸಿದ್ರೆ ಫೆನಿ, 42ರ ಸುತ್ತ. ಗೋವಾದ ಗೇರು ಫೆನಿಗೆ 2009ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ.

ತುಳಿದ ಮೇಲೆ ಉಳಿದ ಗುಪ್ಪೆಯನ್ನ ಕಟ್ಟಿ ಮೇಲೆ ಕಲ್ಲಿನ ಭಾರ ಇಟ್ರೆ ತೊಟ್ಟು ತೊಟ್ಟಾಗಿ ತಿಳಿ ರಸ ಇಳೀತದೆ, ಅದು ನೀರೊ, ಇನ್ನೂ ಹುಳಿ ಬಾರದ್ದು, ಕುಡಿಯದವ್ರ ಪಾಲಿಂದು. ತಂಪಿಗೆ ಸಿಹಿ ಸಿಹಿ, ಕೊನೇಲಿ ಗಂಟಲಲ್ಲಿ ಗೇರುಹಣ್ಣಿನ ಒಗರು. ಉಪ್ಪು ಹಾಕಿ ಗೇರುಹಣ್ಣು ತಿಂದು ಅಂಗಿ ಮೇಲೆ ಕಲೆ ಮಾಡ್ಕೊಂಡು ಬೈಸ್ಕೊಂಡ ನಮ್ಮಂಥವ್ರಿಗೆ ಆ ಒಗರು ಗುರುತು ಸಿಗ್ತದೆ. ಆದ್ರೆ ನೀರೊ ಬೆಳಿಗ್ಗೆ ಇಳ್ಸಿದ್ದನ್ನ ಬೆಳಿಗ್ಗೆಯೇ ಕುಡೀಬೇಕು, ಆ ಸೆಖೆಗೆ ಮಧ್ಯಾಹ್ನದ ಹೊತ್ತಿಗೆಲ್ಲ ಹುಳಿ ಏರ್ಲಿಕ್ಕೆ ಶುರುವಾಗಿರ್ತದೆ. ಗುಳ್ಳೆ ಬರ್ತಿದ್ರೆ, ನಾಲಗೆಗೆ ಚುರುಕು ಅನ್ಸಿದ್ರೆ ಬಿಟ್ಬಿಡಿ. ಭಟ್ಟಿ ಹತ್ರ ಹೋದ್ರೆ ಬೆಳಿಗ್ಗೆ ಹತ್ತರೊಳಗೆ ಹೋಗಿ ಬನ್ನಿ, ಸಂಜೆ ಬೇಡವೇ ಬೇಡ, ಆಗ ಟೇಸ್ಟ್ ನೋಡೋರ ಸಂತೆ. ಇತ್ತೀಚೆಗೆ ಬಿಟ್ಟವ್ರಿದ್ರೆ ಈ ಪಾರ್ಟನ್ನೇ ಹಾರ್ಸಿ, ಭಟ್ಟಿ ಸುತ್ತ ಒಂದು ಫರ್ಲಾಂಗ್ ವಾಸನೆ ಇರ್ತದೆ. ಭಾವ ಅವತ್ತು ಗಾಡೀಲೇ ಕೂತಿದ್ರು, ನಾವು ಹತ್ತು ನಿಮಿಷದಲ್ಲಿ ವಾಪಸ್ ಬಂದ್ವಿ.

10. ಒತ್ತಾಯ ಮಾಡೋರು, ಮತ್ತೆ ಜಾರಿದವ್ರು

ಬೇಡ ಅನ್ನೋದಕ್ಕೆ ಉದ್ದ ಕಾರಣ ಕೊಟ್ರೆ ಎದುರಿನವ ವಾದಕ್ಕೆ ಇಳೀತಾನೆ. "ಗಾಡಿ ನಂದು" ಅಂದ್ರೆ ಸಾಕು, ಅದಕ್ಕೆ ಎದುರು ಮಾತಿಲ್ಲ, ಕುಡ್ದು ಗಾಡಿ ಓಡ್ಸಿ ಸಿಕ್ಕಿಬಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು, ಎಲ್ರಿಗೂ ಗೊತ್ತು. ಬೀಚಲ್ಲಿ ಪಕ್ಕ ಕೂತ ಯಾರೋ ಡಬ್ಬಿ ಚಾಚಿದ್ರೆ ಎದ್ದು ನಡೀರಿ ಅಷ್ಟೇ, ಬೀಚ್ ಮೇಲೆ ಕೂತು ಕುಡಿಯೋದು ಗೋವಾದಲ್ಲೂ ಕಾನೂನುಬಾಹಿರ.

ಇಷ್ಟೆಲ್ಲ ಮಾಡಿಯೂ ಒಬ್ಬ ಜಾರಿದ್ರೆ? ಅವತ್ತು ರಾತ್ರಿ ಭಾಷಣ ಬೇಡ, ಹೆಂಡ್ತಿಗೆ ಫೋನ್ ಮಾಡಿ ಹೇಳೋದೂ ಬೇಡ. ನೀರು ಕುಡ್ಸಿ, ಊಟ ಮಾಡ್ಸಿ, ಒಂದು ಮಗ್ಗುಲಾಗಿ ಮಲಗ್ಸಿ, ಕೀ ನಿಮ್ಮ ಜೇಬಲ್ಲಿ ಇಟ್ಕೊಳ್ಳಿ, ಅವನೊಬ್ಬನನ್ನೇ ಸಮುದ್ರದ ಕಡೆ ಬಿಡ್ಬೇಡಿ. ಬೆಳಿಗ್ಗೆ ಚಾ ಕುಡೀತಾ "ಮನೆಗೆ ಹೋಗುವನಾ, ಇರುವನಾ" ಅಂತ ಕೇಳಿ. ಮೊದಲ ಟ್ರಿಪ್ ಮರುದಿನ ಭಾವ ಹೋಗುವ ಅಂದ್ರು, ಎಂಟು ಗಂಟೆಗೆಲ್ಲ ಕಾರವಾರದಲ್ಲಿದ್ವಿ. ಯಾರೂ ಅದ್ರ ಬಗ್ಗೆ ಮಾತಾಡ್ಲಿಲ್ಲ. ಆರು ತಿಂಗಳು ಬಿಟ್ಟು ಅವ್ರೇ ಫೋನ್ ಮಾಡಿ "ಮತ್ತೊಂದ್ಸಲ ಹೋಗುವನಾ" ಅಂದದ್ದು.

11. ದ್ರಾಕ್ಷಿ ತೋಟವೇ ನೋಡ್ಬೇಕು ಅನ್ನೋರಿಗೆ

ಮೂರು ದಿನ ರಜೆ ಇದ್ರೆ ನಾಸಿಕ್. ಮಂಗಳಾ ಎಕ್ಸ್‌ಪ್ರೆಸ್ ಕಾರವಾರದಲ್ಲಿ ಹತ್ತಿದ್ರೆ ನಾಸಿಕ್ ರೋಡಲ್ಲಿ ಇಳೀಬಹುದು, ಗಾಡಿ ಬದ್ಲಿ ಮಾಡ್ಬೇಕಿಲ್ಲ, ಮಳೆಗಾಲದಲ್ಲಿ ಕೊಂಕಣ ರೈಲ್ವೆ ಟೈಮ್ ಟೇಬಲ್ ಬೇರೆ ಇರ್ತದೆ ಅದೊಂದು ನೋಡ್ಕೊಳ್ಳಿ. ಜನವರಿಯಿಂದ ಮಾರ್ಚ್ ಕೊಯ್ಲಿನ ಕಾಲ. 1999ರಲ್ಲಿ ಶುರುವಾದ ಸುಲಾ ತರದ ವೈನರಿಗಳಲ್ಲಿ ತೋಟ, ಟ್ಯಾಂಕು ಎಲ್ಲ ತೋರ್ಸ್ತಾರೆ, ಟೂರ್ ಕೊನೆಗೆ ಟೇಸ್ಟಿಂಗು ಬರ್ತದೆ, ಬುಕ್ ಮಾಡುವಾಗ್ಲೇ ಅದು ಬೇಡ ಅಂತ ಹೇಳಿ ಬೆಳಗಿನ ಟೂರ್ ತಗೊಳ್ಳಿ, ಸಂಜೆಯದು ಬೇಡ. ಉಳಿಯೋದು ವೈನರಿ ರೆಸಾರ್ಟಲ್ಲಿ ಅಲ್ಲ, ಪಂಚವಟಿ ಕಡೆ. ಸಂಜೆ ಆರಕ್ಕೆ ಗೋದಾವರಿ ಘಾಟಲ್ಲಿ ಇರಿ, ಮರುದಿನ ಪಾಂಡವಲೇಣಿ ಗುಹೆ ಹತ್ತಿ, ತ್ರ್ಯಂಬಕೇಶ್ವರಕ್ಕೆ ಹೋಗಿ, ಮಿಸಳ್ ತಿನ್ನಿ. ಮೇಲಿನ ಲೆಕ್ಕವೇ ಅಲ್ಲಿಗೂ ಹಿಡೀತದೆ.

12. ಭಾನುವಾರ, ವಾಪಸ್

ಬೆಳಿಗ್ಗೆ ಬೀಚಲ್ಲಿ ನಡೆದು ಬನ್ನಿ, ಕುಡಿದವ್ರು ಯಾರೂ ಆ ಹೊತ್ತಿಗೆ ಎದ್ದಿರೋದಿಲ್ಲ, ಇಡೀ ಪಾಲೋಲೆಂ ನಿಮ್ಮದೇ. ಮಧ್ಯಾಹ್ನ ಊಟ ಮುಗಿಸಿ ಹೊರಡಿ.

ಈಗ ಬರೋದು "ಬರ್ತಾ ಒಂದು ಬಾಟಲಿ ತಾ" ಅನ್ನೋರ ಕಾಟ. ಶುಕ್ರವಾರ ಸಂಜೆಗೇ ಆಫೀಸಲ್ಲಿ ನಾಲ್ಕು ಜನ ನಂಗೆ ಹೇಳಿಟ್ಟಿದ್ರು, ಒಬ್ಬರು ಗೂಗಲ್ ಪೇ ಕೂಡ ಮಾಡಿಬಿಟ್ಟಿದ್ರು. ತರೋದಿಲ್ಲ ಅಂತ ಮೊದಲೇ ಹೇಳಿ, ಬಂದ ದುಡ್ಡು ಅವತ್ತೇ ವಾಪಸ್ ಹಾಕಿ. ಒಂದು, ಕುಡಿಯದ ಟ್ರಿಪ್ಪಿನ ಡಿಕ್ಕಿಯಲ್ಲಿ ಬಾಟಲಿ ಇಟ್ಕೊಂಡು ಬರೋದು ಅಂದ್ರೆ ಬೆಂಕಿ ಪಕ್ಕ ಹುಲ್ಲು. ಇನ್ನೊಂದು, ಗೋವಾ ಮದ್ಯ ಕರ್ನಾಟಕಕ್ಕೆ ತಂದ್ರೆ ಅಬಕಾರಿ ಕೇಸು, ಗಾಡಿ ಸಮೇತ ಜಪ್ತಿ ಆದ ಸುದ್ದಿ ಪೇಪರಲ್ಲಿ ಓದ್ತಾನೇ ಇರ್ತೇವೆ. ಬದಲಿಗೆ ಗೋಡಂಬಿ, ಬೆಬಿಂಕಾ, ಒಣಗಿಸಿದ ಮುರುಗಲು ಸಿಪ್ಪೆ ತನ್ನಿ.

ಮಾಜಾಳಿ ಚೆಕ್‌ಪೋಸ್ಟಲ್ಲಿ ನಮ್ಮ ಗಾಡಿ ನಿಲ್ಸಿದ್ರು. ಭಾನುವಾರ ಸಂಜೆ, ನಾಲ್ಕು ಗಂಡಸರು, ಗೋವಾ ಕಡೆಯಿಂದ, ನಿಲ್ಸದೇ ಇರ್ತಾರಾ. ಡಿಕ್ಕಿ ತೆಗೆಸಿದ್ರು. ಒಳಗೆ ಗೋಡಂಬಿ ಪ್ಯಾಕೆಟ್ಟು, ಇಸ್ಪೀಟು, ಒದ್ದೆ ಟವೆಲ್ಲು, ಮತ್ತೆ ಅಡ್ಡ ಬಿದ್ದಿದ್ದ ಒಂದು ಲೀಟರ್ ಬಾಟಲಿ, ಅರ್ಧ ತುಂಬಿದ್ದು, ಕಡು ಕೆಂಪು. ಅವ್ರು ಮುಚ್ಚಳ ತೆಗೆದು ಮೂಸಿದ್ರು. ಇನ್ನೊಂದ್ಸಲ ಮೂಸಿದ್ರು. "ಮುರುಗಲಾ?" ಅಂದ್ರು. ಭಾವ ಹಿಂದಿನ ಸೀಟಿಂದ ಇಳಿದು ಬಂದು "ಮನೇದೇ ಸಾರ್, ಸೋಡಾ ಹಾಕ್ಬೇಕು" ಅಂತ ಹೇಳಿ ಹೇಗೆ ಬೆರೆಸೋದು, ಎಷ್ಟು ಜೀರಿಗೆ ಹಾಕೋದು ಅಂತ ಶುರು ಮಾಡಿದ್ರು. ಹಿಂದೆ ಗಾಡಿಯವ್ರು ಹಾರ್ನ್ ಹೊಡೀತಿದ್ರು.